ಹಡಗಿನ ಅಂಜನ

"ಬೇರೆ ಏನಾದ್ರೂ ಅನ್ನಿ ಸಾ. ಅಂಜನ ಅಂತ ಮಾತ್ರ ಈ ಕೋಣೇಲಿ ಅನ್ಬೇಡಿ. ಅದು ಹುಡುಗಾಟದ ಮಾತಲ್ಲ."

ಜವಾನ ತೀರ್ಥಪ್ಪ ಬಾಗಿಲ ಹೊರಗೆ ನಿಂತು ಹೀಗೆಂದಾಗ ಪಂಚಾಕ್ಷರಪ್ಪ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಗಟ್ಟಿಯಾಗಿ ನಕ್ಕುಬಿಟ್ಟ. ಮುದುಕನನ್ನು ರೇಗಿಸುವುದು ಅವನಿಗೆ ಆ ಊರಿನಲ್ಲಿ ಸಿಕ್ಕಿದ್ದ ಎರಡು ಸುಖಗಳಲ್ಲಿ ಒಂದು. ಇನ್ನೊಂದು ಅವನ ಎದುರಿಗೇ ಇತ್ತು. ಕಪ್ಪು ಪರದೆಯ ನಡುವೆ ದುಂಡನೆಯ ಕಿಂಡಿ, ಕಿಂಡಿಯೊಳಗೆ ಸಮುದ್ರ, ಸಮುದ್ರದ ಅಂಚಿನಲ್ಲಿ ಬೆಂಕಿಕಡ್ಡಿಯಷ್ಟು ಉದ್ದದ ಒಂದು ಹಡಗು.

ಅದು ೧೯೮೬. ಅಜ್ಜಂಪುರದ ಒಂದು ಹೈಸ್ಕೂಲಿಗೆ ದಿಲ್ಲಿಯಿಂದ ಎರಡು ಕಂಪ್ಯೂಟರ್ ಬಂದಿದ್ದವು. ಅವುಗಳ ಹಿಂದೆಯೇ ಕಡೂರಿನ ಪಂಚಾಕ್ಷರಪ್ಪನೂ ಬಂದಿಳಿದ. ಇಪ್ಪತ್ತಾರರ ವಯಸ್ಸು, ಮೈಸೂರಿನಲ್ಲಿ ಮೂರು ವಾರದ ತರಬೇತಿ, ಜೇಬಿನಲ್ಲಿ ಸ್ನೇಹಿತನೊಬ್ಬ ನಕಲು ಮಾಡಿಕೊಟ್ಟ ಒಂದು ಕ್ಯಾಸೆಟ್ಟು. ಕ್ಯಾಸೆಟ್ಟಿನಲ್ಲಿ ಹಾಡಿರಲಿಲ್ಲ, ಜಲಾಂತರ್ಗಾಮಿಯ ಆಟವಿತ್ತು. ಟೇಪ್ ರೆಕಾರ್ಡರಿಗೆ ಹಾಕಿದರೆ ಹತ್ತು ನಿಮಿಷ ಕೀರಲು ದನಿಯಲ್ಲಿ ಅರಚುತ್ತಿತ್ತು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಆಮೇಲೆ ಪರದೆಯಲ್ಲಿ ಕಿಂಡಿ ತೆರೆಯುತ್ತಿತ್ತು. ನೀರಿನಡಿ ಮುಳುಗಿ, ಕೊಳವೆಯ ಕಣ್ಣನ್ನಷ್ಟೇ ಮೇಲಕ್ಕೆತ್ತಿ, ಹಡಗು ಯಾವ ದಿಕ್ಕಿನಲ್ಲಿದೆ ಎಂದು ಹುಡುಕಿ ಹೊಡೆಯಬೇಕು. ಟಿಣ್... ಟಿಣ್... ಎಂದು ನೀರಿನೊಳಗಿನ ಸದ್ದು ಬೇರೆ.

ಕಂಪ್ಯೂಟರ್ ಕೋಣೆ ಎಂದರೆ ಗರ್ಭಗುಡಿಗೆ ಕಡಿಮೆಯಿಲ್ಲದ ಮಡಿ. ಧೂಳು ಬರದಂತೆ ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಚಪ್ಪಲಿ ಹೊರಗೆ. ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಯ್ಯನವರು ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿಟ್ಟು ಹೋಗುತ್ತಿದ್ದರು. "ಸರ್ಕಾರದ ಯಂತ್ರ, ಪಾಠಕ್ಕೆ ಮಾತ್ರ. ಆಟಗೀಟ ಆಡಿದ್ದು ಗೊತ್ತಾದ್ರೆ ಮೇಲಕ್ಕೆ ಬರೀತೀನಿ," ಎಂದು ಎಚ್ಚರಿಸಿಯೂ ಇದ್ದರು. ಅದಕ್ಕೇ ಪಂಚಾಕ್ಷರಪ್ಪ ಬಾಗಿಲಿಗೆ ಬಂದವರಿಗೆಲ್ಲ ಕಣ್ಣು ಮಿಟುಕಿಸಿ "ಅಂಜನ ನೋಡ್ತಿದ್ದೀನಿ" ಎನ್ನುವುದನ್ನು ಕಲಿತುಕೊಂಡ. ಹುಡುಗರು ಆ ಮಾತನ್ನು ಮನೆಮನೆಗೂ ಒಯ್ದಿದ್ದರು.

"ನಮ್ಮಪ್ಪ ಅಂಜನ ಹಾಕೋನು ಸಾ," ಎಂದ ತೀರ್ಥಪ್ಪ, ದನಿ ತಗ್ಗಿಸಿ. "ಎಡಗೈ ಹೆಬ್ಬೆಟ್ಟಿನ ಉಗುರಿಗೆ ಮಸಿ ಬಳಿದು ನೋಡಿದ್ರೆ, ಮೊದ್ಲು ಕಸ ಗುಡಿಸೋರು ಬತ್ತಾರೆ. ಆಮೇಲೆ ನೀರು ಚಿಮುಕಿಸೋರು. ಜಾಗ ಶುದ್ಧ ಆದ್ಮೇಲೆ ಕಳ್ಳನ ಮುಖ. ಕಂಡಿದ್ದನ್ನ ಹೇಳ್ಬೇಕು, ಕೇಳ್ದೋರು ಹ್ಞೂಂ ಅನ್ಬೇಕು. ಆವಾಗ್ಲೇ ಮಸಿ ಹೋಗೋದು. ಒಂದ್ಸಲ ನಮ್ಮಪ್ಪ ಕಾಣದ್ದನ್ನ ಕಂಡೆ ಅಂದ್ಬಿಟ್ಟ."

"ಆಮೇಲೆ?"

"ಮಸಿ ಹೋಗ್ಲಿಲ್ಲ. ಸಾಯೋಗಂಟ ಉಗುರನ್ನ ಇಟ್ಟಿಗೆ ಚೂರಲ್ಲಿ ಉಜ್ಜಿದ. ಕೊನೆಗೆ ಉಗುರೇ ಇರ್ಲಿಲ್ಲ. ಸುಳ್ಳು ಕೇಳಿದ ಕಿವಿಗೇ ನಿಜ ಹೇಳಿ, ಅವರ ಬಾಯಲ್ಲೇ ಹ್ಞೂಂ ಅನ್ನಿಸ್ಬೇಕಿತ್ತು. ಅವರು ಅಷ್ಟೊತ್ತಿಗೆ ಸತ್ತೋಗಿದ್ರು."

"ನಿಮ್ಮಪ್ಪನಿಗೆ ಸೋಪು ಕೊಡಬೇಕಿತ್ತು ಕಣಯ್ಯ," ಎಂದು ಪಂಚಾಕ್ಷರಪ್ಪ ಮತ್ತೆ ನಕ್ಕ. ತೀರ್ಥಪ್ಪ ನಗಲಿಲ್ಲ.

ಆ ಆಟ ಏನೆಂದು ಊರಿನಲ್ಲಿ ಸರಿಯಾಗಿ ತಿಳಿದಿದ್ದವಳು ಒಬ್ಬಳೇ, ಕೋಣೆ ಗುಡಿಸುವ ತಿಮ್ಮಕ್ಕ. ಗಂಡ ಸತ್ತವಳು. ಒಬ್ಬಳೇ ಮಗಳು ಕಾಂತಮ್ಮನನ್ನು ಲಿಂಗದಹಳ್ಳಿಗೆ ಕೊಟ್ಟಿದ್ದಳು. ಬೆಳಿಗ್ಗೆ ಶಾಲೆ, ಆಮೇಲೆ ಈರುಳ್ಳಿ ಮಂಡಿಯ ದೇವೀರಪ್ಪನ ಮನೆಯಲ್ಲಿ ಪಾತ್ರೆ, ಬಟ್ಟೆ. ಅದೇ ದೇವೀರಪ್ಪನ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದ ಪಂಚಾಕ್ಷರಪ್ಪನಿಗೆ ಎಷ್ಟೋ ದಿನ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದುಕೊಡುತ್ತಿದ್ದವಳೂ ಅವಳೇ. ಒಂದು ದಿನ ಪೊರಕೆ ಹಿಡಿದೇ ನಿಂತು ಆಟ ನೋಡಿ, ಅವನು ವಿವರಿಸಿದ್ದನ್ನೆಲ್ಲ ಕೇಳಿ, "ಅಂದ್ರೆ ಮುಳುಗಿ ಕುಂತು ಕದ್ದು ನೋಡೋ ಆಟ ಅನ್ನಿ," ಎಂದಿದ್ದಳು. ತನ್ನ ತರಗತಿಯ ಹುಡುಗರಿಗೆ ಯಾವ ಪಾಠವೂ ಇಷ್ಟು ಬೇಗ ಹೊಳೆಯುವುದಿಲ್ಲವಲ್ಲ ಎಂದು ಅವನಿಗೆ ಖುಷಿಯಾಗಿತ್ತು.

ಭಾದ್ರಪದದ ಒಂದು ಮಧ್ಯಾಹ್ನ ದೇವೀರಪ್ಪನ ಹೆಂಡತಿ ಗುರುಶಾಂತಮ್ಮ ಚಪ್ಪಲಿ ಕಳಚಿಟ್ಟು, ಸೆರಗು ಹೊದ್ದು ಕೋಣೆಯೊಳಗೆ ಬಂದರು. ಕೈಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ.

"ಮೇಷ್ಟ್ರೇ, ನಮ್ಮ ಮಾವನೋರು ಲಿಂಗ ಇಟ್ಕೊತಿದ್ದ ಬೆಳ್ಳಿ ಕರಡಿಗೆ ಕಾಣ್ತಿಲ್ಲ. ಲಿಂಗ ಅವರ ಜೊತೆಗೇ ಮಣ್ಣಿಗೆ ಹೋಯ್ತು, ಕರಡಿಗೆ ಒಂದೇ ಉಳ್ಕೊಂಡಿದ್ದು. ಮನೆಯೋರು ಊಟ ಬಿಟ್ಟವ್ರೆ. ನಿಮ್ಮ ಅಂಜನದಲ್ಲಿ ಒಂಚೂರು ನೋಡಿ."

ಇದು ಆಟ ಕಣಮ್ಮಾ ಎನ್ನಬಹುದಾಗಿತ್ತು. ಮೂರೇ ಪದದ ಮಾತು ಗಂಟಲಿನವರೆಗೂ ಬಂದಿತ್ತು. ಆದರೆ ಊದುಬತ್ತಿಯ ಹೊಗೆ, ಕತ್ತಲು, ಎದುರಿಗೆ ಕೈಮುಗಿದು ನಿಂತ ಮನೆಯೊಡತಿ, ಇವೆಲ್ಲ ಸೇರಿ ಅವನೊಳಗಿನ ಕಿಡಿಗೇಡಿಯನ್ನು ಎಬ್ಬಿಸಿದವು. ಸಂಜೆ ಕಡೂರಿನ ಗೆಳೆಯರಿಗೆ ಕಾಗದ ಬರೆಯಲು ಒಳ್ಳೆಯ ತಮಾಷೆ ಎನಿಸಿತು. ಕಣ್ಣು ಮುಚ್ಚಿ ಏನೋ ಗೊಣಗಿ, ಗುಂಡಿ ಒತ್ತುತ್ತ ಕಿಂಡಿಯನ್ನು ತಿರುಗಿಸಿದ. ಇನ್ನೂರೆಪ್ಪತ್ತು ಡಿಗ್ರಿ ಎಂಬ ಅಂಕಿಯ ಬಳಿ ಹಡಗೊಂದು ಕಂಡಿತು.

"ಪಡುವಣ ದಿಕ್ಕು," ಎಂದ.

"ಹ್ಞೂಂ."

"ಬಹಳ ದೂರವಿಲ್ಲ."

"ಹ್ಞೂಂ."

ಹಡಗಿನ ಸುತ್ತ ಬೇರೆ ಹಡಗಿರಲಿಲ್ಲ. "ಒಂಟಿ," ಎಂದ. ನಗು ತಡೆಯಲು ತುಟಿ ಕಚ್ಚಿಕೊಂಡು, ಸುಮ್ಮನೆ ಬಾಯಿಗೆ ಬಂದದ್ದನ್ನು ಸೇರಿಸಿದ. "ಹೆಣ್ಣು."

"ಹ್ಞೂಂ," ಎಂದರು ಗುರುಶಾಂತಮ್ಮ ಮೂರನೆಯ ಸಲ. ಈ ಸಲದ ಹ್ಞೂಂಕಾರದಲ್ಲಿ ಏನೋ ತೀರ್ಮಾನವಿತ್ತು. ಅವನು ಉದ್ದನೆಯ ಗುಂಡಿ ಒತ್ತಿದ. ಬಿಳಿ ಗೆರೆಯೊಂದು ನೀರು ಸೀಳಿಕೊಂಡು ಹೋಯಿತು, ಹಡಗು ಸಿಡಿದು ಮುಳುಗಿತು. ಗುರುಶಾಂತಮ್ಮ ಪರದೆಗೆ ಕೈಮುಗಿದು, ತೆಂಗಿನಕಾಯಿ ಇಟ್ಟು ಹೋದರು. ಅವನು ಆ ರಾತ್ರಿ ಅದರದೇ ಚಟ್ನಿ ಮಾಡಿಕೊಂಡು ತಿಂದ.

ದೇವೀರಪ್ಪನ ಮನೆಯಿಂದ ಪಡುವಣಕ್ಕೆ ಇದ್ದ ಮನೆಗಳು ಮೂರು. ಎರಡರಲ್ಲಿ ತುಂಬಿದ ಸಂಸಾರ. ಮೂರನೆಯದು ತಿಮ್ಮಕ್ಕನ ಗುಡಿಸಲು.

ಇಷ್ಟು ಲೆಕ್ಕ ಅವನಿಗೆ ಹೊಳೆದದ್ದು ಅದೇ ರಾತ್ರಿ ಗಲಾಟೆ ಕೇಳಿಸಿದಾಗ. ಯಾರೋ ಮಡಕೆಗಳನ್ನು ಹೊರಗೆಸೆದು ಒಡೆಯುತ್ತಿದ್ದರು. ತಿಮ್ಮಕ್ಕನ ದನಿ ಕೇಳಿಸಿತು. "ಸತ್ಯವಾಗ್ಲೂ ನಾನಲ್ಲ ಕಣ್ರಪ್ಪಾ." ಪಂಚಾಕ್ಷರಪ್ಪ ಎದ್ದು ಅಂಗಿ ತೊಟ್ಟ. ಬಾಗಿಲ ಚಿಲಕಕ್ಕೆ ಕೈಹಾಕಿದ. ಆಟ ಎಂದರೆ ಹೆಡ್‌ಮಾಸ್ಟರಿಗೆ ತಿಳಿಯುತ್ತದೆ. ಮೇಲಕ್ಕೆ ಬರೆಯುತ್ತಾರೆ. ಊರೆಲ್ಲ ನಗುತ್ತದೆ. ಬೆಳಿಗ್ಗೆ ಗುರುಶಾಂತಮ್ಮನೊಬ್ಬರಿಗೇ ಮೆಲ್ಲಗೆ ಹೇಳಿದರಾಯಿತು ಎಂದು ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿದ.

ಬೆಳಿಗ್ಗೆ ಅವನು ಏಳುವ ಹೊತ್ತಿಗೆ ಊರು ಕೆರೆ ಏರಿಯ ಮೇಲಿತ್ತು. ಯಜಮಾನ ಚಿಕ್ಕಬೀರಪ್ಪ ತೀರ್ಪು ಹೇಳಿಯಾಗಿತ್ತು. ತಿಮ್ಮಕ್ಕ ಕೆರೆಯಲ್ಲಿ ಮೂರು ಮುಳುಗು ಹಾಕಿ, ಒದ್ದೆ ಸೀರೆಯಲ್ಲೇ ಅಮ್ಮನ ಗುಡಿಗೆ ನಡೆದು, ಉರಿಯುವ ಕರ್ಪೂರ ಆರಿಸಿ ಆಣೆ ಇಡಬೇಕು. ಅವಳು ನೀರಂಚಿನಲ್ಲಿ ನಿಂತಿದ್ದಳು. ಹರಿದ ರವಿಕೆ, ಬಿಚ್ಚಿದ ತಲೆ. ಅವನನ್ನು ಕಂಡದ್ದೇ ಅವಳ ಮುಖ ಅರಳಿತು. ಅದನ್ನು ಅವನು ಸಾಯುವ ತನಕ ಮರೆಯಲಾರ.

"ಅಗೋ, ಮೇಷ್ಟ್ರು ಬಂದ್ರು! ಕೇಳಿ ಅವರನ್ನೇ. ಅದು ಅಂಜನ ಅಲ್ಲ ಕಣ್ರಪ್ಪಾ, ಹಡಗಿನ ಆಟ. ನಾನೇ ಕಣ್ಣಾರೆ ನೋಡಿದ್ದೀನಿ. ಹೇಳಿ ಮೇಷ್ಟ್ರೇ! ಲಿಂಗದಹಳ್ಳೀಲಿ ನನ್ನ ಮಗಳು ಬಾಳ್ವೆ ಮಾಡ್ಬೇಕು. ಕಳ್ಳಿ ಮಗಳು ಅಂತ ಅನ್ನಿಸ್ಕೊಂಡು ಹೆಂಗೆ ಬಾಳ್ತಾಳೆ? ಒಂದು ಮಾತು ಹೇಳಿ!"

ಏರಿಯ ಮೇಲಿನ ಮುಖಗಳೆಲ್ಲ ಅವನತ್ತ ತಿರುಗಿದವು. ಅಲ್ಲಿ ಮಲ್ಲಿಕಾರ್ಜುನಯ್ಯನವರೂ ಇದ್ದರು. ಗುರುಶಾಂತಮ್ಮನೂ ಇದ್ದರು.

ಪಂಚಾಕ್ಷರಪ್ಪ ತಲೆ ತಗ್ಗಿಸಿದ. ತನ್ನ ಚಪ್ಪಲಿಯ ಉಂಗುಷ್ಠ ಸವೆದಿದೆ ಎಂಬುದನ್ನು ಬಹಳ ಗಮನವಿಟ್ಟು ನೋಡಿದ.

ತಿಮ್ಮಕ್ಕ ಬಗ್ಗಿ ಕೆರೆಯ ಕರಿ ಮಣ್ಣನ್ನು ಹಿಡಿಯಷ್ಟು ತೆಗೆದುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನನ್ನ ತೋರಿಸಿದ ಕಣ್ಣು ನಿನ್ನೇ ನೋಡ್ತಿರ್ಲಿ," ಎಂದು ಅವನತ್ತ ಮಣ್ಣು ತೂರಿದಳು. ಒಂದು ಹನಿ ಕೆಸರು ಅವನ ಎಡಗೈಗೆ ತಗಲಿತು.

ಅವಳು ನೀರಿಗಿಳಿದಳು. ಒಂದು ಮುಳುಗು ಹಾಕಿ ಎದ್ದಳು. ಎರಡನೆಯದು ಹಾಕಿ ಎದ್ದಳು. ಮೂರನೆಯದು ಹಾಕಿದಳು. ನೀರಿನ ಮೇಲಿನ ಉಂಗುರಗಳು ದಡ ಮುಟ್ಟಿದವು. ಕೆರೆ ತೆಪ್ಪಗಾಯಿತು. ಯಾರೋ ಕೂಗಿದರು, ಯಾರೋ ಧುಮುಕಿದರು. ಅವಳು ಸಿಕ್ಕಿದ್ದು ಮರುದಿನ. ಕಾಲು ಜಾರಿದಳು ಎಂದು ಏರಿಯ ಮೇಲಿದ್ದವರೆಲ್ಲ ಪೊಲೀಸರಿಗೆ ಒಂದೇ ಬಾಯಲ್ಲಿ ಹೇಳಿಕೆ ಕೊಟ್ಟರು. ಅವನೂ ಕೊಟ್ಟ.

ವಾರ ಕಳೆದ ಮೇಲೆ ಮಧ್ಯಾಹ್ನದ ತರಗತಿಗೆಂದು ಟೇಪ್ ರೆಕಾರ್ಡರಿಗೆ ಪಾಠದ ಕ್ಯಾಸೆಟ್ಟು ಹಾಕಿದ. ಎಂದಿನ ಅರಚಾಟ ಶುರುವಾಯಿತು. ಅರಚಾಟದ ಅಡಿಯಲ್ಲಿ ಮತ್ತೊಂದು ಸದ್ದು. ಸರ್... ಸರ್... ಸರ್... ಒಣ ನೆಲದ ಮೇಲೆ ಪೊರಕೆ ಆಡಿಸುವ ಸದ್ದು. ಹಿಂತಿರುಗಿ ನೋಡಿದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಪರದೆಯಲ್ಲಿ ಪಾಠದ ಬದಲು ಆಟದ ಕಿಂಡಿ ತೆರೆದುಕೊಂಡಿತ್ತು. ಸಮುದ್ರದಲ್ಲಿ ಹಡಗೇ ಇಲ್ಲ. ಗುಂಡಿ ಒತ್ತಿದರೂ ಕಿಂಡಿ ತಿರುಗದು. ಅಂಕಿ ಇನ್ನೂರೆಪ್ಪತ್ತರಲ್ಲೇ ನಿಂತಿತ್ತು.

ಟಿಣ್... ಟಿಣ್...

ಕ್ಯಾಸೆಟ್ಟು ಸುರುಳಿ ಸುತ್ತಿಕೊಂಡಿರಬೇಕು, ತಂತಿ ಸಡಿಲವಿರಬೇಕು ಎಂದು ತನಗೆ ತಾನೇ ಪಾಠ ಹೇಳಿಕೊಂಡ. ಆಟದ ಕ್ಯಾಸೆಟ್ಟನ್ನು ಶಾಲೆಯ ಹಿಂದೆ ಸುಟ್ಟುಹಾಕಿದ. ಕೈ ತೊಳೆಯುವಾಗ ಎಡಗೈ ಹೆಬ್ಬೆಟ್ಟಿನ ಉಗುರಿನಲ್ಲಿ ಕಡಲೆಯಷ್ಟು ದೊಡ್ಡ ಕಪ್ಪು ಕಲೆ ಕಂಡಿತು. ಸೋಪು ಹಚ್ಚಿ ಉಜ್ಜಿದ. ಮತ್ತೆ ಉಜ್ಜಿದ. ತೀರ್ಥಪ್ಪನಿಗೆ ಹೇಳಿದ್ದ ಮಾತು ನೆನಪಾಗಿ ಸೋಪು ಕೈಯಿಂದ ಜಾರಿತು.

ಮರುದಿನ ಕೋಣೆಯ ಬಾಗಿಲು ತೆರೆದರೆ ಊದುಬತ್ತಿಯ ವಾಸನೆ ಇಲ್ಲ, ಕೆರೆಯಂಗಳದ ಕೆಸರಿನ ವಾಸನೆ. ನೆಲ ಒದ್ದೆ. ಯಾರೋ ಆಗತಾನೇ ನೀರು ಚಿಮುಕಿಸಿದ ಹಾಗೆ. ಕರೆಂಟು ಬೆಳಗಿನಿಂದಲೂ ಇರಲಿಲ್ಲ. ಆದರೂ ಪರದೆ ಹೊತ್ತಿಕೊಂಡಿತ್ತು. ಕಿಂಡಿಯೊಳಗೆ ಸಮುದ್ರ ಮೇಲಕ್ಕೂ ಕೆಳಕ್ಕೂ ತೂಗುತ್ತಿತ್ತು. ನೀರಿನಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಹಡಗಿಗಿಂತ ಚಿಕ್ಕದು. ದುಂಡಗಿತ್ತು. ಅದು ಮುಳುಗಿತು. ಎದ್ದಿತು. ಮುಳುಗಿತು. ಎದ್ದಿತು. ಕೂದಲು ನೀರಿನ ಮೇಲೆ ಹರಡಿತ್ತು.

ಮೂರನೆಯ ಸಲ ಅದು ಮುಳುಗುವ ಮೊದಲೇ ಅವನು ಹೊರಗೆ ಓಡಿದ.

ಮೆಟ್ಟಿಲ ಮೇಲೆ ಗುರುಶಾಂತಮ್ಮ ಕಾದಿದ್ದರು. ಮುಖ ಬಾಡಿತ್ತು. ಸುತ್ತ ನೋಡಿ, ಪಿಸುದನಿಯಲ್ಲಿ ಹೇಳಿದರು. "ಕರಡಿಗೆ ಸಿಕ್ತು ಮೇಷ್ಟ್ರೇ. ಅಕ್ಕಿ ಮೂಟೆಯೊಳಗಿತ್ತು. ಶಿವನಿ ಊರಿನ ಮದುವೆಗೆ ಹೋಗೋವಾಗ ಕಳ್ಳಕಾಕರ ಭಯಕ್ಕೆ ನಾನೇ ಇಟ್ಟು ಮರ್ತಿದ್ದೆ. ಮನೆಯೋರಿಗೂ ಹೇಳಿಲ್ಲ. ನೀವೂ ಹೇಳ್ಬೇಡಿ, ನಾನೂ ಹೇಳಲ್ಲ. ಹೋದ ಜೀವ ಏನು ವಾಪಸ್ ಬಂದಾತಾ?"

ಅವನಿಗೆ ಮೊದಲು ಆದದ್ದು ಸಮಾಧಾನ. ಪಾಪದಲ್ಲಿ ಪಾಲುದಾರರೊಬ್ಬರು ಸಿಕ್ಕರಲ್ಲ ಎಂಬ ಸಮಾಧಾನ. ಮರುಗಳಿಗೆಯೇ ಅದಕ್ಕಾಗಿ ತನ್ನ ಮುಖಕ್ಕೆ ತಾನೇ ಉಗಿಯಬೇಕೆನಿಸಿತು. ಆದರೂ ತಲೆಯಾಡಿಸಿದ.

ಮುಂದಿನ ಸೋಮವಾರ ಕೋಣೆ ಗುಡಿಸಲು ಹೊಸಬಳು ಬಂದಳು. ಇಪ್ಪತ್ತರ ಹುಡುಗಿ, ತಿಮ್ಮಕ್ಕನದೇ ಹಣೆ, ತಿಮ್ಮಕ್ಕನದೇ ಪೊರಕೆ. ಕಾಂತಮ್ಮ. "ಕಳ್ಳಿ ಮಗಳು ನಮ್ಮನೆಗೆ ಬೇಡ ಅಂದ್ರಂತೆ ಸಾ, ಲಿಂಗದಹಳ್ಳಿಯೋರು," ಎಂದ ತೀರ್ಥಪ್ಪ. ಆಮೇಲೆ ಅವನ ಕಣ್ಣು ಪಂಚಾಕ್ಷರಪ್ಪನ ಹೆಬ್ಬೆಟ್ಟಿನ ಮೇಲೆ ನಿಂತಿತು. ಕಲೆ ಅರ್ಧ ಉಗುರನ್ನು ತುಂಬಿತ್ತು.

"ಕೇಳಿದ ಕಿವಿ ಇನ್ನೂ ಬದುಕವೆ ಸಾ. ನಮ್ಮಪ್ಪನಿಗಿಲ್ದ ಪುಣ್ಯ ನಿಮಗೈತೆ. ಮುಖ ಕಾಣೋದ್ರೊಳಗೆ ಹೇಳ್ಬಿಡಿ."

ನಾಳೆ ಹೇಳುತ್ತೇನೆ ಎಂದುಕೊಂಡ. ನಾಳೆ ಬಂತು, ನಾಡಿದ್ದೂ ಬಂತು. ದಿನಾ ಬೆಳಿಗ್ಗೆ ಕಾಂತಮ್ಮ ಅವನ ಕಾಲ ಬಳಿ ಗುಡಿಸುತ್ತಿದ್ದಳು. ಅವನು ಕಾಲೆತ್ತಿ ಕೊಡುತ್ತಿದ್ದ. ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಳ್ಳುತ್ತಿದ್ದ. ಒಂದು ದಿನ ಅವಳು ಅವನ ಮೇಜಿನ ಮೇಲೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಇಟ್ಟು, "ಅವ್ವ ನಿಮಗೆ ಕೊಡ್ತಿದ್ಲಂತೆ," ಎಂದಳು. ಅವನಿಗೆ ಆ ರೊಟ್ಟಿಯನ್ನು ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ಆಯುಧಪೂಜೆ ಬಂತು. ಕಂಪ್ಯೂಟರಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದರು. ಮಲ್ಲಿಕಾರ್ಜುನಯ್ಯ, ಚಿಕ್ಕಬೀರಪ್ಪ, ದೇವೀರಪ್ಪ, ಗುರುಶಾಂತಮ್ಮ, ಊರಿನ ಅರ್ಧ ಜನ ಕೋಣೆಯಲ್ಲಿ ಕಿಕ್ಕಿರಿದಿದ್ದರು. ಹೊರಗೆ ಚಪ್ಪಲಿಗಳ ರಾಶಿ, ಅದರಾಚೆ ಕಾಂತಮ್ಮ. ಕರ್ಪೂರ ಹೊತ್ತಿತು. "ಯಂತ್ರ ಚಾಲೂ ಮಾಡಿ ಮೇಷ್ಟ್ರೇ," ಎಂದರು ಯಾರೋ.

ಅವನು ಗುಂಡಿ ಒತ್ತಿದ.

ಎಲ್ಲರಿಗೂ ಕಂಡದ್ದು ಖಾಲಿ ಪರದೆ. ಅವನಿಗೆ ಮಾತ್ರ ಕಿಂಡಿ ತೆರೆಯಿತು. ಪೊರಕೆಯ ಸದ್ದು. ಸರ್. ಸರ್. ಸಮುದ್ರವನ್ನೇ ಯಾರೋ ಗುಡಿಸುತ್ತಿದ್ದರು. ಅಲೆಗಳು ಸರಿದವು. ನೀರು ಚಿಮುಕಿತು. ಒಂದು ಹನಿ ಪರದೆಯ ಈಚೆಗೆ ಬಂದು ಅವನ ಕೆನ್ನೆಗೆ ಬಿತ್ತು. ತಣ್ಣಗಿತ್ತು. ಕೆಸರು ನಾತ. ನೀರಿನಿಂದ ತಲೆಯೊಂದು ಎದ್ದಿತು. ಬೆನ್ನು ಕಂಡಿತು. ಅದು ತಿರುಗತೊಡಗಿತು. ಕಿವಿ. ಕೆನ್ನೆ. ಮೂಗು. ತಿಮ್ಮಕ್ಕನ ಮುಖಕ್ಕೆ ಅವನು ಸಿದ್ಧನಾಗಿದ್ದ.

ಅದು ತಿಮ್ಮಕ್ಕನ ಮುಖವಾಗಿರಲಿಲ್ಲ. ಅವನದೇ ಮುಖ. ತಲೆ ತಗ್ಗಿಸಿಕೊಂಡು, ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದ ಮುಖ.

"ನಾನು ಸುಳ್ಳು ಹೇಳಿದೆ!" ಎಂದು ಕಿರುಚಿದ. ಕರ್ಪೂರದ ತಟ್ಟೆ ಉರುಳಿತು. "ಇದು ಅಂಜನ ಅಲ್ಲ. ಆಟ. ತಿಮ್ಮಕ್ಕ ಹೇಳಿದ್ದೇ ನಿಜ. ಅವಳು ಕದ್ದಿಲ್ಲ. ಕೆರೆ ಏರಿ ಮೇಲೆ ನಾನು ಬಾಯಿ ಬಿಡಲಿಲ್ಲ, ನನ್ನ ಮರ್ಯಾದೆ ಹೋಗುತ್ತೆ ಅಂತ. ಗುರುಶಾಂತಮ್ಮನೋರೇ, ನಿಮಗೆ ಗೊತ್ತು. ಕರಡಿಗೆ ಅಕ್ಕಿ ಮೂಟೆಯಲ್ಲಿ ಸಿಕ್ಕಿತು. ಹ್ಞೂಂ ಅನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಸಲ ಹ್ಞೂಂ ಅನ್ನಿ!"

ಕೋಣೆಯ ಮುಖಗಳೆಲ್ಲ ಗುರುಶಾಂತಮ್ಮನತ್ತ ತಿರುಗಿದವು. ಗಂಡನೂ ತಿರುಗಿ ನೋಡಿದ.

ಗುರುಶಾಂತಮ್ಮ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ತಲೆ ತಗ್ಗಿಸಿದರು.

ಆ ತಲೆ ಬಾಗಿದ ರೀತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವರು ಈಗ ಕಾಲುಬೆರಳ ಉಂಗುರವನ್ನೋ ಸೀರೆಯ ಅಂಚನ್ನೋ ಬಹಳ ಗಮನವಿಟ್ಟು ನೋಡುತ್ತಿರಬೇಕು. ಬೈಯಲು ಅವನಿಗೆ ಬಾಯಿರಲಿಲ್ಲ.

ಮೊದಲು ಬಾಯಿ ತೆರೆದವನು ಚಿಕ್ಕಬೀರಪ್ಪ. "ಹಿಡ್ಕೊಂಡವ್ಳೆ ಕಣ್ರೀ. ಸತ್ರೂ ಬಿಡ್ಲಿಲ್ಲ ನೋಡಿ ಕಳ್ಳಿ! ನಾನು ಕದ್ದಿಲ್ಲ ಅಂತ ಮೇಷ್ಟ್ರ ಬಾಯಲ್ಲೇ ಅನ್ನಿಸ್ತಾವ್ಳೆ!"

ಹ್ಞೂಂ, ಹ್ಞೂಂ ಎಂದಿತು ಕೋಣೆ. ಅವನು ಬೇಡಿದ ಹ್ಞೂಂಕಾರ ಕೊನೆಗೂ ಬಂದಿತ್ತು, ಅದು ಚಿಕ್ಕಬೀರಪ್ಪನ ಮಾತಿಗೆ. ನಾಲ್ಕು ಜನ ಅವನನ್ನು ಹಿಡಿದು ಕೂರಿಸಿದರು. ಹಣೆಗೆ ವಿಭೂತಿ ಮೆತ್ತಿದರು. ಬೇವಿನ ಸೊಪ್ಪು ತಂದರು. ನಿಜ, ನಿಜ ಎಂದು ಅವನು ಕೂಗಿದಷ್ಟೂ ಏಟು ಬಿದ್ದವು. ಪ್ರತಿ ಏಟೂ ತಿಮ್ಮಕ್ಕನ ಹೆಸರಿಗೇ ಬೀಳುತ್ತಿತ್ತು.

ಎಲ್ಲರೂ ಹೋದ ಮೇಲೆ ಕಾಂತಮ್ಮ ಒಳಗೆ ಬಂದಳು. ಚೆಲ್ಲಿದ ಹೂವು, ಬೇವಿನೆಲೆ, ಒಡೆದ ಕಾಯಿಯ ಚೂರು ಗುಡಿಸಿದಳು. ಬಾಗಿಲ ಬಳಿ ನಿಂತು, ತಿರುಗದೆಯೇ ಹೇಳಿದಳು.

"ನಾನು ನಂಬ್ತೀನಿ ಮೇಷ್ಟ್ರೇ. ಅವ್ವ ಕೆರೇಗಿಳಿಯೋಕೆ ಮುಂಚೆ ಹೇಳಿದ್ರೆ ಆಗ್ತಿತ್ತು."

ಅವನು ಹೆಬ್ಬೆಟ್ಟನ್ನು ಬಿಡಿಸಿ ನೋಡಿದ. ಉಗುರಿನಲ್ಲಿ ಕಪ್ಪಲ್ಲದೆ ಬೇರೇನೂ ಉಳಿದಿರಲಿಲ್ಲ. ಕಪ್ಪಿನೊಳಗೆ, ಸಾಸಿವೆಯಷ್ಟು ಚಿಕ್ಕದಾಗಿ, ಒಂದು ಮುಖ ತಲೆ ತಗ್ಗಿಸಿ ಕೂತಿತ್ತು.

ಹಬ್ಬದ ರಜೆ ಮುಗಿದು ಶಾಲೆ ತೆರೆದ ದಿನ ಕಂಪ್ಯೂಟರ್ ಕೋಣೆಯ ಹೊರಗೆ ಒಂಬತ್ತು ಜೊತೆ ಚಪ್ಪಲಿಗಳಿದ್ದವು. ಸತ್ತವಳೇ ಬಂದು ಮಾತಾಡುವಷ್ಟು ಬಲವಾದ ಅಂಜನ ಎಂದು ತರೀಕೆರೆಯವರೆಗೂ ಸುದ್ದಿ ಹೋಗಿತ್ತು. ಮುಂದೆ ನಿಂತಿದ್ದ ರೈತನ ಎತ್ತು ಕಳುವಾಗಿತ್ತು. ಅವನು ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಚಾಚಿದ.

"ದಿಕ್ಕು ಒಂದು ಹೇಳ್ಬಿಡಿ ಸಾಕು ಮೇಷ್ಟ್ರೇ," ಎಂದ. "ಅನುಮಾನ ಯಾರ ಮ್ಯಾಲೆ ಅಂತ ನಮಗೆ ಗೊತ್ತೈತೆ."